ಹಳೆ ಜೀಪಿಗೊಂದು ಡೀಸೆಲ್ ಎಂಜಿನ್: ಹುಡುಕುವವರಿಗೆ ಕೆಲವು ಪಾಠಗಳು

ಕಾರ್ಕಳ, ಬಜಗೋಳಿ, ಹೆಬ್ರಿ ಕಡೆಯ ತೋಟಗಳಲ್ಲಿ ಪೆಟ್ರೋಲ್ ಸಿಜೆ-3ಬಿ ಜೀಪುಗಳು ಇನ್ನೂ ಉಳಿದಿವೆ. ಮಣಿಪಾಲದ ಕಡೆ ಹಳೆ ಜಿಪ್ಸಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿದ್ದಾರೆ. ಜೀಪಿನವರು ಲೀಟರಿಗೆ ಸಿಗುವ ಕಿಲೋಮೀಟರ್ ಲೆಕ್ಕ ಹಾಕಿ ಬೇಸತ್ತಿರುತ್ತಾರೆ. ಜಿಪ್ಸಿಯವರಿಗೆ ಏರಿನಲ್ಲಿ ಕೆಳಗಿನ ಎಳೆತ ಸಾಕಾಗುವುದಿಲ್ಲ. ಇಬ್ಬರೂ ಒಂದು ದಿನ ಗ್ಯಾರೇಜಿಗೆ ಬಂದು ಕೇಳುವುದು ಒಂದೇ: "ಇದಕ್ಕೊಂದು ಡೀಸೆಲ್ ಎಂಜಿನ್ ಕೂರಿಸ್ಲಿಕ್ಕೆ ಆಗ್ತದಾ ಮಾರಾಯ್ರೆ?"

ಕೂರಿಸಲಿಕ್ಕೆ ಆಗುತ್ತದೆ. ನಮ್ಮ ಊರಿನ ಲೇತ್‌ನವರು, ವೆಲ್ಡಿಂಗ್‌ನವರು ಯಾವ ಎಂಜಿನನ್ನು ಯಾವ ಚಾಸಿಸ್‌ಗೆ ಬೇಕಾದರೂ ಜೋಡಿಸಿಕೊಡುವಷ್ಟು ಕೈಪಳಗಿದವರು. ಕಷ್ಟವಿರುವುದು ಎಂಜಿನ್ ಆರಿಸುವುದರಲ್ಲಿ. ಹೆಚ್ಚಿನವರು ಗುಜರಿಯಿಂದ ಹುಡುಕಾಟ ಶುರುಮಾಡುತ್ತಾರೆ. ಅಗ್ಗಕ್ಕೆ ಸಿಕ್ಕಿದ್ದನ್ನು ಪಿಕಪ್‌ನಲ್ಲಿ ಹಾಕಿಕೊಂಡು ಬಂದು, ಆಮೇಲೆ ಉಳಿದದ್ದನ್ನು ಯೋಚಿಸುತ್ತಾರೆ. ಆರ್‌ಸಿ ಪುಸ್ತಕದಿಂದ ಮತ್ತು ರಿಪೇರಿ ಮಾಡುವವರ ಬಾಗಿಲಿನಿಂದ ಹುಡುಕಾಟ ಶುರುವಾಗಬೇಕು ಎನ್ನುವುದು ನಾನು ಈ ಕೆಲಸದಲ್ಲಿ ಕಲಿತದ್ದು. ಗುಜರಿಗೆ ಹೋಗುವುದು ಮೂರನೆಯ ಹೆಜ್ಜೆ.

1. ಆರ್‌ಸಿಯಲ್ಲಿ ಇಂಧನ ಏನೆಂದು ಬರೆದಿದೆ?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮನ್ನು ಎಂಜಿನ್ ಬದಲಿಸುವ ಪ್ರತಿಯೊಬ್ಬರೂ ಒಮ್ಮೆ ಓದಬೇಕು. ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು ಎನ್ನುವುದು ಅದರ ಮೂಲ ಮಾತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಇಂಧನಗಳಿಗೆ ಅಂಗೀಕೃತ ಕಿಟ್ ಅಳವಡಿಸುವುದಕ್ಕೆ ಅದೇ ಕಲಮಿನಲ್ಲಿ ದಾರಿ ಬಿಟ್ಟಿದ್ದಾರೆ. ಗುಜರಿಯಿಂದ ತಂದ ಡೀಸೆಲ್ ಎಂಜಿನ್ ಅಂಥ ಕಿಟ್ ಅಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಈ ಕಲಮನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸಜೆ ಅಥವಾ ಎರಡೂ ಆಗಬಹುದು.

ಹಾಗಾಗಿ ಪೆಟ್ರೋಲ್ ಎಂದು ಬರೆದ ಆರ್‌ಸಿ ಹಿಡಿದು ಬಂದವರಿಗೆ ನಾನು ಮೊದಲು ಹೇಳುವುದು, ಸಾಧ್ಯವಿದ್ದರೆ ಡೀಸೆಲ್ ಆರ್‌ಸಿ ಇರುವ ಜೀಪನ್ನೇ ಕೊಳ್ಳಿ ಎಂದು. ಕಾರ್ಖಾನೆಯಿಂದಲೇ ಡೀಸೆಲ್ ಆಗಿ ಬಂದ ಎಂಎಂ540, ಎಂಎಂ550, ಸಿಜೆ500ಡಿ, ಮೇಜರ್, ಕಮಾಂಡರ್ ನಮ್ಮ ಜಿಲ್ಲೆಯಲ್ಲಿ ಸಿಗದ ಗಾಡಿಗಳಲ್ಲ. ಅವುಗಳ ಎಂಜಿನ್ ಸತ್ತಿದ್ದರೆ ಅದೇ ತಯಾರಕರ ಅದೇ ಮಾದರಿಯ ಎಂಜಿನ್ ಹಾಕಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳುವುದು ಸುಲಭದ ದಾರಿ. ಹಿಂದಿನ ಕಾಲದಲ್ಲೇ ಪೆಟ್ರೋಲಿನಿಂದ ಡೀಸೆಲ್‌ಗೆ ಬದಲಾಗಿ, ಅದು ಆರ್‌ಸಿಯಲ್ಲಿ ನಮೂದಾಗಿರುವ ಸಿಜೆ-3ಬಿಗಳೂ ಕೆಲವಿವೆ. ಅಂಥದ್ದು ಸಿಕ್ಕಿದರೆ ಬಣ್ಣ ಹೋಗಿದ್ದರೂ, ಬಾಡಿ ತೂತಾಗಿದ್ದರೂ ತೆಗೆದುಕೊಳ್ಳಬಹುದು. ತಗಡನ್ನು ಹೊಸದಾಗಿ ಬಡಿಯಬಹುದು, ನಮೂದನ್ನು ಬಡಿಯಲಿಕ್ಕಾಗದು.

ಕೆಲಸಕ್ಕೆ ಕೈ ಹಾಕುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ಉಡುಪಿಯ ಕೆಎ-20 ಗಾಡಿಯ ಬಗ್ಗೆ ಮಂಗಳೂರಿನ ಏಜೆಂಟರೊಬ್ಬರು ಫೋನಿನಲ್ಲಿ ಕೊಟ್ಟ ಭರವಸೆಗೆ ಬೆಲೆಯಿಲ್ಲ. ಹದಿನೈದು ವರ್ಷ ದಾಟಿದ ಗಾಡಿ ಐದೈದು ವರ್ಷಕ್ಕೊಮ್ಮೆ ಮರುನೋಂದಣಿಗೆ ಇನ್‌ಸ್ಪೆಕ್ಟರ ಮುಂದೆ ನಿಲ್ಲಲೇಬೇಕು. ಆಗ ಬಾನೆಟ್ ಎತ್ತಿಯೇ ಎತ್ತುತ್ತಾರೆ. ಇನ್ಶೂರೆನ್ಸ್ ಕಂಪನಿಗೂ ಬದಲಾವಣೆ ಗೊತ್ತಿರಬೇಕು. ಅಪಘಾತವಾದಾಗ ಎಂಜಿನ್ ನಂಬರ್ ತಾಳೆಯಾಗದಿದ್ದರೆ ಇನ್ನೊಬ್ಬರ ಆಸ್ಪತ್ರೆ ಖರ್ಚು ನಿಮ್ಮ ಮನೆಯ ಮೇಲೆ ಬೀಳಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳುವವರ ಕೆಲಸವನ್ನು ನಾನು ಒಪ್ಪಿಕೊಳ್ಳುವುದಿಲ್ಲ.

2. ಎಂಜಿನ್‌ಗಳ ಕುಲಗೋತ್ರ ಗೊತ್ತಿರಲಿ

ಹಳೆ ಸಿಜೆ-3ಬಿಯಲ್ಲಿ ಇದ್ದದ್ದು ವಿಲ್ಲಿಸ್ ಹರಿಕೇನ್ ಪೆಟ್ರೋಲ್ ಎಂಜಿನ್, 2199 ಸಿಸಿ. ಸ್ಟ್ರೋಕ್ ಉದ್ದ, ಬೋರ್ ಸಣ್ಣದು, ಕೆಳಗಿನ ಆರ್‌ಪಿಎಂನಲ್ಲೇ ಒಳ್ಳೆಯ ಎಳೆತ. ಡೀಸೆಲ್ ಹಾಕಿದ ಕೂಡಲೇ ಶಕ್ತಿ ಹೆಚ್ಚುತ್ತದೆ ಎಂದುಕೊಳ್ಳುವವರು ಇದನ್ನು ಗಮನಿಸಬೇಕು, ಏಕೆಂದರೆ ಎಲ್ಲ ಡೀಸೆಲ್‌ಗಳೂ ಇದನ್ನು ಮೀರಿಸುವುದಿಲ್ಲ.

ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪೂಜೋ ಜೊತೆ ಒಪ್ಪಂದ ಮಾಡಿಕೊಂಡು ತಂದ ಎಂಜಿನ್ ಎಕ್ಸ್‌ಡಿಪಿ 4.90. ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ, ಸುಮಾರು 62 ಅಶ್ವಶಕ್ತಿ. ಎಂಎಂ540ಯ ಹೆಸರು ಬೆಳೆದದ್ದು ಇದರ ಮೇಲೆ. ಮೆದುವಾಗಿ ಓಡುತ್ತದೆ, ಆರ್‌ಪಿಎಂ ಏರಲಿಕ್ಕೆ ಹಿಂಜರಿಯುವುದಿಲ್ಲ, ಗೇರ್‌ಬಾಕ್ಸ್‌ಗೆ ಹಿಂಸೆ ಕೊಡುವುದಿಲ್ಲ. ಕೆಳಗಿನ ಎಳೆತ ಮಾತ್ರ ಸಾಧಾರಣ. ಅದರ ಅಣ್ಣ ಎಕ್ಸ್‌ಡಿ3ಪಿ: 2498 ಸಿಸಿ, ಅದೇ ಸ್ವಭಾವ, ಎಳೆತ ಇನ್ನಷ್ಟು. ಒಳ್ಳೆಯ ಸ್ಥಿತಿಯ ಎಕ್ಸ್‌ಡಿ3ಪಿ ಸಿಕ್ಕಿದರೆ ಎರಡನೇ ಮಾತಿಲ್ಲದೆ ತೆಗೆದುಕೊಳ್ಳಬೇಕು. ಆದರೆ ಈಗ ಅದು ಅಪರೂಪ.

ಎಂಡಿಐ ಎನ್ನುವುದು ಬೇರೆಯೇ ಮನೆತನ. ಮೂರೂವರೆ ಇಂಚು ಬೋರ್, ನಾಲ್ಕು ಇಂಚು ಸ್ಟ್ರೋಕ್, 2523 ಸಿಸಿ. ಇಂಚಿನಲ್ಲಿ ಅಳತೆ ಇರುವುದೇ ಅದರ ಬೇರನ್ನು ಹೇಳುತ್ತದೆ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಟ್ರ್ಯಾಕ್ಟರಿನ ಎಂಜಿನ್ ವಂಶ ಅದು. ಮಹೀಂದ್ರ ಆ ಕಂಪನಿಯ ಕೈಹಿಡಿದದ್ದು 1963ರಲ್ಲಿ. ಆರ್ಮಡಾ, ಬೊಲೆರೊ ಡಿಐ ಮತ್ತು ಮೊದಲ ತಲೆಮಾರಿನ ಥಾರ್ ಡಿಐಯವರೆಗೂ ಇದು ಬಂತು. ಸದ್ದು ಹೆಚ್ಚು, ನಡುಕ ಹೆಚ್ಚು. ಕೆಸರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ಲೋ ಗೇರಿನಲ್ಲಿ ಗಾಡಿ ತೆವಳಿಕೊಂಡು ಹೋಗುವುದನ್ನು ನೋಡಿದರೆ ಅದರ ಹುಟ್ಟು ಎಲ್ಲಿಯದೆಂದು ತಿಳಿಯುತ್ತದೆ. ತೋಟದ ಕೆಲಸಕ್ಕೆ ನನ್ನ ಆಯ್ಕೆ ಇದೇ. ಸಿಗುವುದೂ ಸುಲಭ, ಏಕೆಂದರೆ ಬೊಲೆರೊ ಇಲ್ಲದ ಊರಿಲ್ಲ.

ಇನ್ನು ಬೇರೆ ಕಂಪನಿಯ ಎಂಜಿನ್‌ಗಳು. ಬಿಡದಿಯಲ್ಲಿ 2000ದಿಂದ 2005ರವರೆಗೆ ತಯಾರಾದ ಟೊಯೊಟಾ ಕ್ವಾಲಿಸ್‌ನ 2446 ಸಿಸಿ 2ಎಲ್ ಎಂಜಿನ್ ಬಗ್ಗೆ ಕೇಳುವವರು ಬಹಳ. ಗಟ್ಟಿ ಎಂಜಿನ್, ಸರಳ ಎಂಜಿನ್. ಅದರ ಟೈಮಿಂಗ್ ಬೆಲ್ಟನ್ನು ಕಾಲಕ್ಕೆ ಸರಿಯಾಗಿ ಬದಲಿಸಲೇಬೇಕು. ಹಳೆ ಮಾಲೀಕ ಬದಲಿಸಿದ್ದಾನೋ ಇಲ್ಲವೋ ಎಂಬುದನ್ನು ಅವನ ಮಾತಿನಿಂದ ತೀರ್ಮಾನಿಸದೆ, ತಂದ ದಿನವೇ ಹೊಸದು ಹಾಕಬೇಕು. ಟ್ರ್ಯಾಕ್ಸ್, ಟೆಂಪೊ ಟ್ರಾವೆಲರ್ ಗಾಡಿಗಳಲ್ಲಿ ಬರುತ್ತಿದ್ದ, ಮರ್ಸಿಡಿಸ್‌ನಿಂದ ಪರವಾನಗಿ ಪಡೆದು ಮಾಡಿದ ಓಎಂ616 ಕೂಡ ಆಯಸ್ಸು ಇರುವ ಎಂಜಿನ್. ಆದರೆ ಇವೆರಡೂ ಮಹೀಂದ್ರ ಆರ್‌ಸಿಯ ಮೇಲೆ "ಬೇರೆ ತಯಾರಕರದ್ದು" ಎಂದೇ ಲೆಕ್ಕ. ಮೊದಲನೆಯ ಪಾಠವನ್ನು ಇಲ್ಲಿ ಮತ್ತೆ ನೆನಪಿಸಿಕೊಳ್ಳಬೇಕು.

3. ಆಟಿ ತಿಂಗಳಲ್ಲಿ ಕೆಟ್ಟರೆ ಯಾರು ಬಿಚ್ಚುತ್ತಾರೆ?

ಉಡುಪಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜೀಪು ನಿಜವಾಗಿ ಬೇಕಾಗುವುದೂ ಆಗಲೇ. ಆ ಹೊತ್ತಿನಲ್ಲಿ ಪಂಪ್ ಕೆಟ್ಟರೆ ಬಿಡಿಭಾಗ ದೆಹಲಿಯಿಂದ ಬರಬೇಕಾದ ಎಂಜಿನ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ನಮ್ಮ ಭಾಗ್ಯ ಏನೆಂದರೆ ಡೀಸೆಲ್ ಬಲ್ಲವರು ಇಲ್ಲಿ ಹೆಜ್ಜೆಗೊಬ್ಬರು. ಮಲ್ಪೆಯ ಬೋಟುಗಳು, ತಲೆಮಾರುಗಳಿಂದ ಓಡುತ್ತಿರುವ ಖಾಸಗಿ ಬಸ್ಸುಗಳು, ಕಾರ್ಕಳದ ಕಲ್ಲುಕೋರೆಗಳ ಲಾರಿ ಮತ್ತು ಕಂಪ್ರೆಸರ್‌ಗಳು, ಗದ್ದೆಯ ಟ್ರ್ಯಾಕ್ಟರು, ಇವೆಲ್ಲವೂ ಪಂಪು-ನೋಜಲ್ ಕೆಲಸದವರನ್ನು ಬೆಳೆಸಿವೆ. ಎಂಜಿನ್ ಕೊಳ್ಳುವ ಮೊದಲು ಅಂಥ ಒಬ್ಬರ ಹತ್ತಿರ ಹೋಗಿ ಮಾಡೆಲ್ ಹೇಳಿ ಕೇಳಿ: ಈ ಪಂಪಿನ ಎಲಿಮೆಂಟ್ ಸಿಗುತ್ತದಾ, ನೋಜಲ್ ಯಾವ ನಂಬರು, ಟೆಸ್ಟ್ ಬೆಂಚಿನಲ್ಲಿ ಕೂರಿಸಲು ನಿಮ್ಮಲ್ಲಿ ಕಪ್ಲಿಂಗ್ ಇದೆಯಾ? ಅವರು ತಕ್ಷಣ ಉತ್ತರಿಸಿದರೆ ಆ ಎಂಜಿನ್ ನಿಮ್ಮ ಊರಿನದ್ದು. "ನೋಡುವ, ತರಿಸುವ" ಎಂದರೆ ಆಸೆ ಬಿಡಿ.

ಪಂಪಿನ ಜಾತಿಯನ್ನೂ ತಿಳಿದುಕೊಳ್ಳಿ. ಬೆಂಗಳೂರಿನ ಆಡುಗೋಡಿಯ ಮೈಕೋ (1951ರಲ್ಲಿ ಶುರುವಾದದ್ದು, 2008ರಿಂದ ಬಾಷ್) ಈ ದೇಶದ ಡೀಸೆಲ್ ಗಾಡಿಗಳಿಗೆ ಪಂಪು ಕೊಟ್ಟ ಕಂಪನಿ. ಹಳೆ ಎಂಜಿನ್‌ನಲ್ಲಿ ಅದರ ಪಂಪು ಇದ್ದರೆ ಭಾಗಗಳ ಚಿಂತೆ ಕಡಿಮೆ. ಇನ್‌ಲೈನ್ ಪಂಪಿನಲ್ಲಿ ಸಿಲಿಂಡರಿಗೊಂದು ಎಲಿಮೆಂಟ್ ಇದ್ದು, ಕೆಳಗೆ ಎಂಜಿನ್ ಆಯಿಲ್ ಓಡುತ್ತದೆ. ರೋಟರಿ ಪಂಪಿಗೆ ಡೀಸೆಲೇ ಎಣ್ಣೆ. ಒಂದೇ ಪ್ಲಂಜರ್ ಎಲ್ಲ ಸಿಲಿಂಡರಿಗೂ ಹಂಚುತ್ತದೆ. ಟ್ಯಾಂಕಿಗೆ ನೀರು ಇಳಿದರೆ ರೋಟರಿ ಪಂಪು ಬೇಗ ಹಾಳಾಗುತ್ತದೆ. ತೋಡು ದಾಟುವ ಜೀಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕದೆ ರೋಟರಿ ಪಂಪಿನ ಎಂಜಿನ್ ಓಡಿಸಬೇಡಿ.

ಕಾಮನ್ ರೈಲ್ ಎಂಜಿನ್ ಬೇಕೆನ್ನುವವರಿಗೆ ಒಂದು ಮಾತು. ಎಂಜಿನ್ ಜೊತೆಗೆ ಇಸಿಯು, ಇಡೀ ವೈರಿಂಗ್, ಆಕ್ಸಿಲರೇಟರ್ ಪೆಡಲ್, ಕೀ ಮತ್ತು ಇಮ್ಮೊಬಿಲೈಸರ್, ಎಲ್ಲವೂ ಒಂದೇ ಗಾಡಿಯಿಂದ ಬರಬೇಕು. ಬಿಡಿಬಿಡಿಯಾಗಿ ಕೂಡಿಸಿದ್ದು ಕರಾವಳಿಯ ಉಪ್ಪುಗಾಳಿಯಲ್ಲಿ ಒಂದೊಂದೇ ಕನೆಕ್ಟರ್ ಹಸಿರುಗಟ್ಟಿ ನಿಲ್ಲುತ್ತದೆ. ಕಾಪುವಿನಲ್ಲಿ ಸಮುದ್ರದಿಂದ ಕೂಗಳತೆ ದೂರದಲ್ಲಿ ಗಾಡಿ ನಿಲ್ಲಿಸುವವರಿಗೆ ನಾನು ಕಾಮನ್ ರೈಲ್ ಬದಲಾವಣೆ ಮಾಡಿಕೊಳ್ಳಿ ಎಂದು ಹೇಳುವುದೇ ಇಲ್ಲ.

4. ಬಿಡಿ ಎಂಜಿನ್ ಬೇಡ, ಇಡೀ ಗಾಡಿ ಕೊಳ್ಳಿ

ಗುಜರಿಯಲ್ಲಿ ಎಂಜಿನ್ ಮಾತ್ರ ಅಗ್ಗವಾಗಿ ಕಾಣುತ್ತದೆ. ಮನೆಗೆ ತಂದ ಮೇಲೆ ಹೌಸಿಂಗ್, ಫ್ಲೈವೀಲ್, ಕ್ಲಚ್, ಸೆಲ್ಫ್ ಮೋಟರು, ಆಲ್ಟರ್ನೇಟರ್ ಬ್ರಾಕೆಟ್, ಮೌಂಟಿಂಗ್, ಫ್ಯಾನು, ರೇಡಿಯೇಟರ್ ಹೋಸು ಎಂದು ಒಂದೊಂದಕ್ಕೂ ಅಲೆಯಬೇಕು. ಒಟ್ಟು ಖರ್ಚು ಎಂಜಿನ್ ಬೆಲೆಯನ್ನು ಮೀರಿ ಹೋಗುತ್ತದೆ. ಅದಕ್ಕಿಂತ ಮೂಲೆಗೆ ಬಿದ್ದ ಬೊಲೆರೊ ಅಥವಾ ಕಮಾಂಡರನ್ನು ಪೂರ್ತಿ ಕೊಂಡರೆ ಬೋಲ್ಟು ಸಮೇತ ಎಲ್ಲವೂ ಕೈಯಲ್ಲಿರುತ್ತದೆ. ಐದು ಗೇರಿನ ಬಾಕ್ಸೂ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದನ್ನು ಓಡಿಸಿ ನೋಡಿ ಕೊಳ್ಳಬಹುದು, ಮತ್ತು ಮಾಲೀಕರು ಯಾರೆಂದು ಗೊತ್ತಿರುತ್ತದೆ.

ಕೊಂಡ ಗಾಡಿಯನ್ನು ಬಿಚ್ಚಿ ಹಾಕುವುದಾದರೆ ಅದರ ನೋಂದಣಿಯನ್ನು 55ನೇ ಕಲಮಿನ ಪ್ರಕಾರ ರದ್ದು ಮಾಡಿಸಬೇಕು. ಆ ಕಾಗದವೇ ಮುಂದೆ ನಿಮ್ಮ ಎಂಜಿನ್‌ನ ಜಾತಕ. ಬ್ಲಾಕಿನ ಮೇಲಿನ ಅಂಕಿಯನ್ನು ಪೆನ್ಸಿಲ್ ಹಾಕಿ ಉಜ್ಜಿ ಕಾಗದಕ್ಕೆ ಇಳಿಸಿಕೊಂಡು, ಹಳೆ ಆರ್‌ಸಿಯ ಜೊತೆ ತಾಳೆ ನೋಡಿ. ಅಂಕಿಯ ಸುತ್ತ ಗ್ರೈಂಡರ್ ಗುರುತು ಇದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಅಲ್ಲಿಂದ ಎದ್ದು ಬನ್ನಿ.

ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲು, ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಸರ್ಕಾರಿ ಇಲಾಖೆಗಳ ಹಳೆ ಜೀಪುಗಳು ಹಿಂದೆ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿಗೆ ಬರುತ್ತಿದ್ದವು. ಅಲ್ಲಿ ಕೊಂಡದ್ದಕ್ಕೆ ಕಾಗದ ಗಟ್ಟಿ ಇರುತ್ತಿತ್ತು, ಆದರೆ ಗಾಡಿ ವರ್ಷಗಟ್ಟಲೆ ಬಯಲಿನಲ್ಲಿ ನಿಂತಿರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಲೆ ಕೂಗಬೇಕಿತ್ತು.

5. ಎಂಜಿನ್ ತಣ್ಣಗಿರುವಾಗ ಹೋಗಿ

ಮಾರುವವರಿಗೆ ಮೊದಲೇ ಹೇಳಿ: ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ. ಹೋದ ಕೂಡಲೇ ಬ್ಲಾಕಿನ ಮೇಲೆ ಕೈ ಇಡಿ. ಬಿಸಿಯಿದ್ದರೆ ಆ ದಿನ ವಾಪಸು ಬಂದು ಇನ್ನೊಂದು ಬೆಳಿಗ್ಗೆ ಹೋಗಿ. ಡೀಸೆಲ್ ಎಂಜಿನ್‌ನ ಸತ್ಯವೆಲ್ಲ ಅದರ ಮೊದಲ ಸ್ಟಾರ್ಟಿನಲ್ಲಿದೆ. ಹಳೆ ಪೆಟ್ರೋಲ್ ಜೀಪಿನ ಕಂಪ್ರೆಷನ್ ಏಳಕ್ಕೆ ಒಂದರಷ್ಟು. ಪೂಜೋ ಮಾದರಿಯ ಡೀಸೆಲ್‌ನಲ್ಲಿ ಇಪ್ಪತ್ತಕ್ಕೂ ಮೇಲೆ. ಕಿಡಿಯಿಲ್ಲದೆ, ಒತ್ತಡದ ಬಿಸಿಯಿಂದಲೇ ಡೀಸೆಲ್ ಹೊತ್ತಬೇಕು. ರಿಂಗು, ಲೈನರ್, ವಾಲ್ವು ಯಾವುದು ಸೋತರೂ ತಣ್ಣಗಿರುವಾಗ ಅದು ಬಯಲಾಗುತ್ತದೆ.

ಹೀಟರ್ ಪ್ಲಗ್ ಕಾಯಿಸಿ ಸೆಲ್ಫ್ ಹೊಡೆದಾಗ ಎರಡು ಮೂರು ಸುತ್ತಿನಲ್ಲಿ ಹಿಡಿಯಬೇಕು. ಹಿಡಿದ ಮೇಲೆ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆಯಿಲ್ಲ. ನಿಲ್ಲದೆ ಬರುತ್ತಲೇ ಇದ್ದರೆ ಕಂಪ್ರೆಷನ್ ಕಡಿಮೆ, ಅಥವಾ ನೋಜಲ್ ಸೋರುತ್ತಿದೆ, ಇಲ್ಲವೇ ಹೆಡ್ಡಿನಿಂದ ನೀರು ಇಳಿಯುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಗೆ ನಾನು ಅಷ್ಟು ಹೆದರುವುದಿಲ್ಲ. ಪಂಪು, ನೋಜಲ್, ಏರ್ ಫಿಲ್ಟರ್ ಸರಿಮಾಡಿದರೆ ಹೆಚ್ಚಿನ ಸಲ ಹೋಗುತ್ತದೆ.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ತಲೆಕೆಳಗು ಮಾಡಿ ಅದೇ ಬಾಯಿಯ ಮೇಲೆ ಇಡಿ. ಮುಚ್ಚಳ ಸುಮ್ಮನೆ ಅದುರಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದರೆ ಪಿಸ್ಟನ್ ದಾಟಿ ಗಾಳಿ ಕೆಳಗಿಳಿಯುತ್ತಿದೆ ಎಂದರ್ಥ. ಬೆಲೆಯಲ್ಲಿ ಪೂರ್ತಿ ರಿಪೇರಿಯ ಖರ್ಚು ಕಳೆದು ಮಾತಾಡಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿದೆ. ರೇಡಿಯೇಟರ್ ಮುಚ್ಚಳ ತೆಗೆದು (ತಣ್ಣಗಿರುವಾಗಲೇ) ಸ್ಟಾರ್ಟ್ ಮಾಡಿಸಿದಾಗ ನೀರಿನಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಹೆಡ್ಡು ಬಿರಿದಿದೆ. ಕಂಪ್ರೆಷನ್ ಅಳೆಯುವುದಾದರೆ ಡೀಸೆಲ್‌ಗೆ ಮಾಡಿದ ಗೇಜ್ ಬೇಕು, ಪೆಟ್ರೋಲಿನದು ಒಡೆದುಹೋಗುತ್ತದೆ. ಒಟ್ಟು ಅಂಕಿಗಿಂತ ನಾಲ್ಕು ಸಿಲಿಂಡರುಗಳ ನಡುವಿನ ಅಂತರ ನೋಡಿ. ಮೂರು ಸಮವಿದ್ದು ಒಂದು ತೀರಾ ಇಳಿದಿದ್ದರೆ ಆ ಒಂದರ ಕಾರಣ ಗೊತ್ತಾಗುವವರೆಗೆ ಹಣ ಕೊಡಬೇಡಿ.

ಕ್ರ್ಯಾಂಕ್ ಪುಲ್ಲಿಯನ್ನು ಹಿಡಿದು ಹಿಂದೆ ಮುಂದೆ ಎಳೆದು ನೋಡಿ, ಕೈಗೆ ಗೊತ್ತಾಗುವಷ್ಟು ಆಟ ಇರಬಾರದು. ಕರಾವಳಿಯಲ್ಲಿ ಬಯಲಿಗೆ ಬಿದ್ದಿದ್ದ ಎಂಜಿನ್ ಆದರೆ ಬ್ಲಾಕಿನ ಪಕ್ಕದ ತಗಡಿನ ಪ್ಲಗ್ಗುಗಳನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿ. ಉಪ್ಪುಗಾಳಿ ಮೊದಲು ತಿನ್ನುವುದು ಅವನ್ನೇ. ಎಂಜಿನ್ ಕೂರಿಸಿದ ಮೇಲೆ ಹಿಂದಿನ ಪ್ಲಗ್ ಸೋರಿದರೆ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕಾಗುತ್ತದೆ.

6. ಕಾಗದ-ಪೆನ್ನು ಹಿಡಿದು ಗೇರಿನ ಲೆಕ್ಕ ಮಾಡಿ

ಎಂಜಿನ್ ಒಳ್ಳೆಯದು, ಕೂರಿಸಿದ್ದೂ ಚೆನ್ನಾಗಿದೆ, ಆದರೂ ಮಾಲೀಕರು ಬೇಸರದಿಂದ ಇರುತ್ತಾರೆ. ಕಾರಣ ಹೆಚ್ಚಾಗಿ ಕ್ರೌನ್-ಪಿನಿಯನ್. ಸಿಜೆ-3ಬಿಯ ಹಲ್ಲಿನ ಲೆಕ್ಕ 43ಕ್ಕೆ 8, ಅಂದರೆ 5.38. 6.00-16 ಟೈರು ಒಂದು ಸುತ್ತಿಗೆ ಸುಮಾರು 2.25 ಮೀಟರ್ ಓಡುತ್ತದೆ. ನಿಮ್ಮ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಅಂಗಳದಲ್ಲೇ ಅಳೆಯಬಹುದು. ಟಾಪ್ ಗೇರಿನಲ್ಲಿ ಎಂಜಿನ್ 3,200 ಆರ್‌ಪಿಎಂ ತಿರುಗಿದರೆ ಚಕ್ರ ನಿಮಿಷಕ್ಕೆ 595 ಸುತ್ತು, ಗಾಡಿಯ ವೇಗ ಗಂಟೆಗೆ 80 ಕಿಲೋಮೀಟರ್. ಎಂಡಿಐಯಂಥ ಎಂಜಿನ್ ಅಷ್ಟು ಹೊತ್ತಿಗೆ ತನ್ನ ಮೇಲ್ಮಿತಿಯಲ್ಲಿರುತ್ತದೆ. ಕಾಪುವಿನಿಂದ ಉಡುಪಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬಸ್ಸುಗಳ ನಡುವೆ ಇಷ್ಟು ಕೂಗಿಸಿಕೊಂಡು ಹೋದರೆ ಎಂಜಿನ್‌ಗೂ ಸುಖವಿಲ್ಲ, ಕೂತವರಿಗೂ ಇಲ್ಲ. 60ರಲ್ಲಿ ಹೋದರೆ ಸುಮಾರು 2,400 ಆರ್‌ಪಿಎಂ, ಅದು ಸಹಿಸಬಹುದಾದದ್ದು.

ಅದೇ ಗಾಡಿಗೆ 4.88 ಕ್ರೌನ್ ಹಾಕಿದರೆ 3,200ರಲ್ಲಿ 88 ಕಿಲೋಮೀಟರ್ ವೇಗ ಸಿಗುತ್ತದೆ. ಐದನೇ ಗೇರು ಓವರ್‌ಡ್ರೈವ್ ಇರುವ ಬಾಕ್ಸ್ ಹಾಕಿದರೆ ಇನ್ನೂ ಮೇಲೆ. ಕ್ರೌನ್ ಬದಲಿಸುವುದಾದರೆ ಮುಂದಿನ ಆಕ್ಸಲ್ ಹೌಸಿಂಗು, ಹಿಂದಿನ ಹೌಸಿಂಗು ಎರಡಕ್ಕೂ ಒಂದೇ ಲೆಕ್ಕದ್ದು ಹಾಕಬೇಕು. ಇಲ್ಲದಿದ್ದರೆ ಫೋರ್ ವೀಲ್ ಹಾಕಿದ ಕೂಡಲೇ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ನಿಮ್ಮ ಗಾಡಿಯಲ್ಲಿ ಯಾವ ಲೆಕ್ಕದ್ದು ಇದೆಯೆಂದು ಬಿಚ್ಚದೆಯೇ ತಿಳಿಯಬಹುದು. ಹಿಂದಿನ ಒಂದು ಚಕ್ರ ನೆಲದಲ್ಲಿರಲಿ, ಇನ್ನೊಂದನ್ನು ಜಾಕ್ ಮೇಲೆ ಎತ್ತಿ ಸರಿಯಾಗಿ ಎರಡು ಸುತ್ತು ತಿರುಗಿಸಿ. ಆಗ ಪ್ರೊಪೆಲರ್ ಶಾಫ್ಟ್ ಎಷ್ಟು ಸುತ್ತಿತೋ ಅದೇ ನಿಮ್ಮ ರೇಷ್ಯೊ. ಗಾಡಿ ಉರುಳದಂತೆ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ನ್ಯೂಟ್ರಲ್‌ನಲ್ಲಿಟ್ಟು ಈ ಕೆಲಸ ಮಾಡಿ.

ಬಲದ ಲೆಕ್ಕ ಇನ್ನೂ ಮುಖ್ಯ. ಹರಿಕೇನ್ ಎಂಜಿನ್‌ನ ಎಳೆತ 155 ನ್ಯೂಟನ್ ಮೀಟರ್. ಹಳೆ ಟಿ-90 ಬಾಕ್ಸಿನ ಮೊದಲ ಗೇರು 2.8, ಟ್ರಾನ್ಸ್‌ಫರ್ ಕೇಸಿನ ಲೋ 2.46, ಕ್ರೌನ್ 5.38, ಗುಣಿಸಿದರೆ ಆಕ್ಸಲ್‌ಗೆ ಸುಮಾರು 5,700. ಅದೇ ಜಾಗಕ್ಕೆ ಥಾರ್ ಸಿಆರ್‌ಡಿಇಯ 247 ನ್ಯೂಟನ್ ಮೀಟರಿನ ಎಂಜಿನ್ ತಂದರೆ 9,100 ದಾಟುತ್ತದೆ. ಆ ಆಕ್ಸಲ್ ಶಾಫ್ಟುಗಳು ಇಷ್ಟಕ್ಕೆಂದು ಮಾಡಿದವಲ್ಲ. ಪಾದೆಕಲ್ಲಿನ ನಡುವೆ ಚಕ್ರ ಸಿಕ್ಕಿಕೊಂಡಾಗ ಕ್ಲಚ್ ಬಿಟ್ಟರೆ ಯಾವುದೋ ಒಂದು ಮುರಿಯಲೇಬೇಕು. ದೊಡ್ಡ ಎಂಜಿನ್ ಆಸೆಯಿದ್ದವರು ಆಕ್ಸಲ್, ಗೇರ್‌ಬಾಕ್ಸ್, ಬ್ರೇಕ್ ಎಲ್ಲದರ ಖರ್ಚನ್ನೂ ಸೇರಿಸಿ ಲೆಕ್ಕ ಮಾಡಲಿ. ಹಾಗೆ ಮಾಡಿದವರಲ್ಲಿ ಹೆಚ್ಚಿನವರು ಎಕ್ಸ್‌ಡಿ3ಪಿಗೋ ಎಂಡಿಐಗೋ ತಿರುಗಿ ಬರುತ್ತಾರೆ.

7. ಜಿಪ್ಸಿಯ ವಿಷಯ ಬೇರೆ

ಮಾರುತಿಯವರು ಜಿಪ್ಸಿಯನ್ನು ಡೀಸೆಲ್‌ನಲ್ಲಿ ಮಾರಲಿಲ್ಲ. 1985ರಲ್ಲಿ 970 ಸಿಸಿ, ಆಮೇಲೆ 1298 ಸಿಸಿ, ಎರಡೂ ಪೆಟ್ರೋಲ್. ಆದ್ದರಿಂದ ಡೀಸೆಲ್ ಜಿಪ್ಸಿ ಎಂದು ಮಾರಾಟಕ್ಕೆ ಬಂದರೆ ಅದರ ಕಾಗದವನ್ನು ಎರಡೆರಡು ಸಲ ನೋಡಿ. ಜನ ಇದಕ್ಕೆ ಹಾಕುವುದು ಝೆನ್ ಮತ್ತು ಎಸ್ಟೀಮ್ ಡೀಸೆಲ್‌ನಲ್ಲಿದ್ದ 1527 ಸಿಸಿಯ ಪೂಜೋ ಟಿಯುಡಿ5, ಅಥವಾ ಸ್ವಿಫ್ಟ್‌ನ 1248 ಸಿಸಿ ಕಾಮನ್ ರೈಲ್. ಎರಡೂ ಮುಂಚಕ್ರ ಎಳೆಯುವ ಕಾರಿನಲ್ಲಿ ಅಡ್ಡ ಕೂತಿದ್ದ ಎಂಜಿನ್‌ಗಳು. ಜಿಪ್ಸಿಯಲ್ಲಿ ಉದ್ದಕ್ಕೆ ಕೂರಿಸುವಾಗ ಅಡಾಪ್ಟರ್ ಪ್ಲೇಟು, ಸೆಲ್ಫ್ ಮೋಟರಿನ ಜಾಗ, ನೀರಿನ ಪೈಪುಗಳ ದಿಕ್ಕು ಎಲ್ಲವನ್ನೂ ಹೊಸದಾಗಿ ಮಾಡಬೇಕು. ಕಾಮನ್ ರೈಲಿಗೆ ಇಸಿಯು ತೊಂದರೆಯೂ ಸೇರುತ್ತದೆ.

ನನ್ನ ಅಭಿಪ್ರಾಯ ಕೇಳುವವರಿಗೆ: ಜಿಪ್ಸಿಯ ಗುಣವೇ ಅದರ ಹಗುರ. ಮೂಗಿನ ಮೇಲೆ ಭಾರ ಹೇರಿದರೆ ಮರಳಿನಲ್ಲಿ, ಕೆಸರಿನಲ್ಲಿ ಅದು ತೇಲಿಹೋಗುವ ಸುಖ ಹೋಗುತ್ತದೆ. ಪೆಟ್ರೋಲ್ ಎಂಜಿನ್ನನ್ನೇ ಬೋರ್ ಮಾಡಿಸಿ ಸರಿಯಾಗಿ ಕಟ್ಟಿಸಿ, ಟ್ರಾನ್ಸ್‌ಫರ್ ಕೇಸಿನ ಲೋ ಗೇರನ್ನು ಇನ್ನಷ್ಟು ತಗ್ಗಿಸಿಕೊಂಡರೆ ಏರಿನ ಸಮಸ್ಯೆ ತೀರುತ್ತದೆ, ಆರ್‌ಸಿಯೂ ನೆಟ್ಟಗಿರುತ್ತದೆ.

8. ಕಡಿಯುವ ಮೊದಲು ತೂಗುಹಾಕಿ ನೋಡಿ

ಚೇನ್ ಬ್ಲಾಕಿನಲ್ಲಿ ಎಂಜಿನ್ ತೂಗುಹಾಕಿ, ಗೇರ್‌ಬಾಕ್ಸ್ ಜೋಡಿಸಿಯೇ ಎಂಜಿನ್ ಕೋಣೆಗೆ ಇಳಿಸಿ. ಮೂರು ಕಡೆ ತಾಗುತ್ತದೆ: ಆಯಿಲ್ ಚೇಂಬರು ಮುಂದಿನ ಹೌಸಿಂಗಿಗೆ, ಎಕ್ಸಾಸ್ಟ್ ಮ್ಯಾನಿಫೋಲ್ಡು ಸ್ಟಿಯರಿಂಗ್ ಬಾಕ್ಸಿಗೆ, ಫ್ಯಾನು ರೇಡಿಯೇಟರಿಗೆ. ಚೇಂಬರಿನ ಹೊಟ್ಟೆ ಮುಂದೆ ಇದೆಯೋ ಹಿಂದೆ ಇದೆಯೋ ಎನ್ನುವುದನ್ನು ಕೊಳ್ಳುವಾಗಲೇ ನೋಡಿರಬೇಕು. ಗಾಡಿ ನಿಂತಾಗ ಎರಡು ಬೆರಳು ಸಂದಿ ಇದ್ದರೆ ಸಾಲದು, ಸ್ಪ್ರಿಂಗ್ ಪ್ಲೇಟುಗಳು ಪೂರ್ತಿ ಕುಸಿದಾಗ ಹೌಸಿಂಗ್ ಎಲ್ಲಿಯವರೆಗೆ ಏರುತ್ತದೆ ಎಂದು ಜಾಕ್ ಕೊಟ್ಟು ನೋಡಬೇಕು. ಡೀಸೆಲ್ ಭಾರಕ್ಕೆ ಮುಂದೆ ಒಂದೊಂದು ಪ್ಲೇಟು ಸೇರಿಸುವುದು ಇದ್ದದ್ದೇ.

ಅಡಾಪ್ಟರ್ ಪ್ಲೇಟು ಲೇತ್‌ನಲ್ಲಿ ತಯಾರಾಗುವಾಗ ಜೊತೆಯಲ್ಲೇ ನಿಲ್ಲಿ. ಕ್ರ್ಯಾಂಕಿನ ನಡುವೆ, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ನಡುವೆ ಕೂದಲೆಳೆಯ ವ್ಯತ್ಯಾಸ ಬಂದರೂ ಪೈಲಟ್ ಬೇರಿಂಗು, ಕ್ಲಚ್ ಪ್ಲೇಟಿನ ಹಲ್ಲು ಬೇಗ ಸವೆಯುತ್ತವೆ. ಡಯಲ್ ಗೇಜ್ ಹಾಕಿ ನೋಡದ ಕೆಲಸವನ್ನು ಒಪ್ಪಬೇಡಿ.

9. ಪೆಟ್ರೋಲ್‌ನಲ್ಲಿ ಇದ್ದದ್ದು, ಡೀಸೆಲ್‌ನಲ್ಲಿ ಇಲ್ಲದ್ದು

ಬ್ರೇಕ್ ಬೂಸ್ಟರಿಗೆ ಪೆಟ್ರೋಲ್ ಎಂಜಿನ್ ತಾನಾಗಿ ವ್ಯಾಕ್ಯೂಮ್ ಕೊಡುತ್ತದೆ. ಡೀಸೆಲ್ ಕೊಡುವುದಿಲ್ಲ, ಆಲ್ಟರ್ನೇಟರಿನ ಹಿಂಭಾಗದಲ್ಲಿ ವ್ಯಾಕ್ಯೂಮ್ ಪಂಪು ಇರುವುದನ್ನೇ ತರಬೇಕು. ಬೂಸ್ಟರೇ ಇಲ್ಲದ ಹಳೆ ಜೀಪಿಗೆ ಈ ಸಂದರ್ಭದಲ್ಲೇ ಒಂದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ನೋಜಲ್‌ಗಳಿಂದ ಉಳಿದ ಡೀಸೆಲ್ ಟ್ಯಾಂಕಿಗೆ ಮರಳಲು ರಿಟರ್ನ್ ಪೈಪು ಬೇಕು. ಹಳೆ ಟ್ಯಾಂಕನ್ನು ಬಿಚ್ಚಿ, ತುಕ್ಕು ತೆಗೆಸಿ, ತೊಳೆಸದೆ ಡೀಸೆಲ್ ತುಂಬಬೇಡಿ. ಬ್ಯಾಟರಿ ದೊಡ್ಡದು, ಕೇಬಲ್ ದಪ್ಪದ್ದು ಹಾಕಿ. ಸೈನ್ಯದಿಂದ ಬಂದ ಗಾಡಿಯಾದರೆ ಅದು 24 ವೋಲ್ಟಿನದೋ 12 ವೋಲ್ಟಿನದೋ ಎಂದು ನೋಡಿ ಮುಂದುವರಿಯಿರಿ.

10. ಮೊದಲು ಮಣಿಪಾಲದ ಏರು, ಆಮೇಲೆ ಆಗುಂಬೆ

ಹೊಸ ಎಂಜಿನ್ ಕೂರಿಸಿದ ಗಾಡಿಯನ್ನು ನೇರವಾಗಿ ಘಾಟಿಗೆ ಒಯ್ಯಬೇಡಿ. ಇಂದ್ರಾಳಿಯಿಂದ ಮಣಿಪಾಲದ ಟೈಗರ್ ಸರ್ಕಲ್‌ವರೆಗಿನ ಏರು ಒಳ್ಳೆಯ ಪರೀಕ್ಷೆ: ಟ್ರಾಫಿಕ್ ಇದೆ, ನಿಧಾನ ಹೋಗಬೇಕಾಗುತ್ತದೆ, ಏನಾದರೂ ಆದರೆ ಗ್ಯಾರೇಜು ಹತ್ತಿರ. ಬಿಸಿಯ ಮುಳ್ಳು ಏರಿ ಒಂದು ಕಡೆ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಹೋದರೆ ರೇಡಿಯೇಟರ್ ಸಣ್ಣದು ಎಂದು ಕೂಡಲೇ ತೀರ್ಮಾನಿಸಬೇಡಿ. ಹೆಚ್ಚಿನ ಸಲ ತಪ್ಪು ಫ್ಯಾನಿನ ಸುತ್ತ ತಗಡಿನ ಕವಚ ಇಲ್ಲದಿರುವುದರಲ್ಲಿ ಇರುತ್ತದೆ. ಕವಚವಿಲ್ಲದ ಫ್ಯಾನು ರೇಡಿಯೇಟರಿನ ಮೂಲಕ ಎಳೆಯದೆ, ಎಂಜಿನ್ ಕೋಣೆಯ ಬಿಸಿಗಾಳಿಯನ್ನೇ ಸುತ್ತಿಸುತ್ತದೆ.

ಅದು ಸರಿಯಾದ ಮೇಲೆ ಹೆಬ್ರಿ, ಸೋಮೇಶ್ವರ ದಾಟಿ ಆಗುಂಬೆಗೆ ಹೋಗಿ. ಹದಿನಾಲ್ಕು ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುವಾಗ ಎಂಜಿನ್ ಪೂರ್ತಿ ಭಾರ ಹೊರುತ್ತದೆ, ಎದುರುಗಾಳಿ ಇರುವುದಿಲ್ಲ. ಮೇಲೆ ಊರಿನಲ್ಲಿ ನಿಲ್ಲಿಸಿ ಎಂಜಿನ್ ತಣ್ಣಗಾದ ಮೇಲೆ ಮೌಂಟಿಂಗ್ ಬೋಲ್ಟು, ಹೌಸಿಂಗಿನ ಬೋಲ್ಟು, ಪ್ರೊಪೆಲರ್ ಶಾಫ್ಟಿನ ಜಾಯಿಂಟು ಎಲ್ಲವನ್ನೂ ಸ್ಪ್ಯಾನರ್ ಹಾಕಿ ಬಿಗಿಮಾಡಿ. ಕೆಳಗೆ ಆಯಿಲ್ ತೊಟ್ಟಿಕ್ಕಿದೆಯೇ ನೋಡಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಿರಿ. ಮುಂದೆ ಭಾರ ಹೆಚ್ಚಿದ ಗಾಡಿಯನ್ನು ಹಳೆ ಡ್ರಮ್ ಬ್ರೇಕಿನ ನಂಬಿಕೆಯ ಮೇಲೆ ಇಳಿಸಬಾರದು. ಸೋಮೇಶ್ವರ ಪೇಟೆಯಲ್ಲಿ ಮತ್ತೆ ನಿಲ್ಲಿಸಿ ನಾಲ್ಕೂ ಡ್ರಮ್‌ಗಳ ಹತ್ತಿರ ಕೈ ಹಿಡಿದು ಬಿಸಿ ಹೋಲಿಸಿ. ಮುಂದಿನ ಎರಡೂ ಒಂದೇ ಸಮ ಬಿಸಿಯಿರಬೇಕು. ಒಂದು ಸುಡುತ್ತಿದ್ದು ಇನ್ನೊಂದು ಬೆಚ್ಚಗಷ್ಟೇ ಇದ್ದರೆ ವೀಲ್ ಸಿಲಿಂಡರ್ ಹಿಡಿದಿದೆ ಅಥವಾ ಶೂ ಅಡ್ಜಸ್ಟ್‌ಮೆಂಟ್ ತಪ್ಪಿದೆ. ಅದನ್ನು ಸರಿಮಾಡಿಸುವವರೆಗೆ ಗಾಡಿಯಲ್ಲಿ ಮನೆಮಂದಿಯನ್ನು ಕೂರಿಸಬೇಡಿ.